ಹಳೇ ಸ್ಪೋರ್ಟ್ಸ್ ಕಾರು ತಗೊಂಡಿದ್ದೇನೆ, ರಿಪೇರಿ ನಾನೇ ಮಾಡಲಾ? ಅನುಭವ ಇದ್ದವರು ಹೇಳಿ

ಕೇಳಿದವರು: 1991ರ ಮಾಜ್ದಾ ಎಂಎಕ್ಸ್-5 ತಗೊಂಡೆ, 1.6 ಎಂಜಿನ್. ಕ್ಲಚ್ ಪೆಡಲ್ ಸುಮ್ನೆ ನೆಲಕ್ಕೆ ಹೋಗುತ್ತದೆ, ಪಂಪ್ ಮಾಡಿದರೆ ಮಾತ್ರ ಗೇರ್ ಬೀಳುತ್ತದೆ. ಎಂಜಿನ್ ಹೆಡ್ ಹಿಂದೆ, ಫೈರ್‌ವಾಲ್ (ಎಂಜಿನ್‌ಗೂ ನಾವು ಕೂರೋ ಜಾಗಕ್ಕೂ ನಡುವಿನ ತಗಡು) ಕಡೆ ಆಯಿಲ್ ಜಿನುಗುತ್ತಿದೆ. ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ಆಡಿಸೋ ಟೈಮಿಂಗ್ ಬೆಲ್ಟ್ ಯಾವಾಗ ಹಾಕಿದ್ದು ಅನ್ನೋದಕ್ಕೆ ಒಂದು ಚೀಟಿಯೂ ಇಲ್ಲ. ಸ್ಪ್ಯಾನರ್ ಹಿಡಿದು ಗೊತ್ತು, ಆದರೆ ಇಷ್ಟು ಹಳೇ ಗಾಡಿ ಮುಟ್ಟಿಲ್ಲ. ಧೈರ್ಯ ಮಾಡಲಾ, ಮೆಕ್ಯಾನಿಕ್‌ಗೆ ಕೊಡಲಾ?

944 ಮಾಲೀಕ: ಮಾಡಿ. ನನ್ನದು ಪೋರ್ಷೆ 944. ಇದರಲ್ಲಿ ಬೆಲ್ಟ್ ಹರಿದರೆ ವಾಲ್ವ್ ಹೋಗಿ ಪಿಸ್ಟನ್ನಿಗೆ ಬಡಿಯುತ್ತದೆ, ಎಂಜಿನ್ ಕಥೆ ಅಲ್ಲಿಗೆ ಮುಗೀತು. ಹಾಗಾಗಿ ಮನೆಗೆ ತಂದ ಕೂಡಲೇ ಟೈಮಿಂಗ್ ಬೆಲ್ಟು, ಬ್ಯಾಲೆನ್ಸ್ ಶಾಫ್ಟ್ ಬೆಲ್ಟು, ರೋಲರು, ವಾಟರ್ ಪಂಪು ಎಲ್ಲ ಒಟ್ಟಿಗೆ ಬದಲಾಯಿಸಿದೆ. ಬೆಲ್ಟಿನ ಬಿಗಿ ನೋಡೋ ಗೇಜು ಬೆಲ್ಟಿಗಿಂತ ದುಬಾರಿ. ಆಮೇಲೆ ಕ್ಲಚ್. ಇದರ ಗೇರ್‌ಬಾಕ್ಸ್ ಇರೋದು ಹಿಂದೆ. ಕ್ಲಚ್ ಮುಟ್ಟಬೇಕಾದರೆ ಸೈಲೆನ್ಸರ್ ಇಳಿಸಿ, ಆಕ್ಸಲ್ ಬಿಡಿಸಿ, ಗೇರ್‌ಬಾಕ್ಸ್ ಇಳಿಸಿ, ಎಂಜಿನ್ನಿಂದ ಗೇರ್‌ಬಾಕ್ಸ್‌ವರೆಗೆ ಹೋಗೋ ಟಾರ್ಕ್ ಟ್ಯೂಬನ್ನು ಹಿಂದಕ್ಕೆ ಸರಿಸಬೇಕು.

ಆ ಆಕ್ಸಲ್ ಬೋಲ್ಟುಗಳ ವಿಷಯ ಹೇಳಲೇಬೇಕು. ತಲೆಯೊಳಗಿನ ಹಲ್ಲಿನ ಕುಳಿಯಲ್ಲಿ ವರ್ಷಗಟ್ಟಲೆ ಗ್ರೀಸು, ಮಣ್ಣು ಸೇರಿ ಗಟ್ಟಿಯಾಗಿ ಕೂತಿರುತ್ತದೆ. ದಬ್ಬಳದಲ್ಲಿ ಕೆರೆದು, ಬ್ರೇಕ್ ಕ್ಲೀನರ್ ಹೊಡೆದು, ಬಿಟ್ಟನ್ನು ಸುತ್ತಿಗೆಯಲ್ಲಿ ಬಡಿದು ಒಳಗೆ ಕೂರಿಸಬೇಕು. ಆಮೇಲೇ ತಿರುಗಿಸೋದು. ಅವಸರ ಮಾಡಿದರೆ ಹಲ್ಲು ಸವೆದು ಬೋಲ್ಟು ಅಲ್ಲೇ ಸಂಸಾರ ಹೂಡುತ್ತದೆ. ನನ್ನದು ಎಲ್ಲವೂ ಬಂದವು. ಎರಡು ಟಾರ್ಕ್ ರೆಂಚು (ಬಿಗಿ ಅಳೆದು ತಿರುಗಿಸೋದು), ನಾಲ್ಕು ಸ್ಟ್ಯಾಂಡು, ಗೇರ್‌ಬಾಕ್ಸ್ ಜ್ಯಾಕು, ಸರ್‌ಕ್ಲಿಪ್ ಪ್ಲೈಯರು, ಕ್ಲಚ್ ಅಲೈನ್‌ಮೆಂಟ್ ಟೂಲು... ಸಾಮಾನಿನ ದುಡ್ಡು ಕ್ಲಚ್ ಕಿಟ್ಟಿನ ದುಡ್ಡನ್ನು ಮೀರಿತು. ಆದರೂ ಆ ಸಾಮಾನು ನನ್ನ ಹತ್ತಿರವೇ ಇದೆ, ಅಲ್ವಾ?

ಬಾಕ್ಸ್‌ಸ್ಟರ್ ಮಾರಿದವನು: 'ನಾನೇ ಮಾಡಿದೆ' ಅನ್ನೋ ಹೆಮ್ಮೆ ಕೇಳೋಕೆ ಚೆನ್ನಾಗಿರುತ್ತದೆ. ನನ್ನ ಹತ್ತಿರ ಪೋರ್ಷೆ ಬಾಕ್ಸ್‌ಸ್ಟರ್ ಇತ್ತು, 986 ಮಾದರಿ. ಐಎಂಎಸ್ ಬೇರಿಂಗ್ (ಎಂಜಿನ್ನೊಳಗಿನ ಇಂಟರ್‌ಮೀಡಿಯೆಟ್ ಶಾಫ್ಟಿನ ಬೇರಿಂಗ್, ಅದು ಹೋದರೆ ಎಂಜಿನ್ನೇ ಹೋಗಬಹುದು) ಹೆದರಿಕೆ ಎಲ್ಲರಿಗೂ ಗೊತ್ತಿರೋದೇ. ಗೇರ್‌ಬಾಕ್ಸ್ ಇಳಿಸದೆ ಅದು ಕೈಗೆ ಸಿಗಲ್ಲ. ಇಳಿಸಿದ ಮೇಲೆ ಕ್ಲಚ್ ಯಾಕೆ ಬಿಡೋದು? ಕ್ರ್ಯಾಂಕಿನ ಹಿಂದೆ ಆಯಿಲ್ ತಡೆಯೋ ರಿಯರ್ ಮೇನ್ ಸೀಲ್ ಯಾಕೆ ಬಿಡೋದು? ಫ್ಲೈವೀಲ್? 'ಹೇಗಿದ್ದರೂ ಬಿಚ್ಚಿದ್ದೀವಲ್ಲ' ಅನ್ನೋ ಒಂದು ಮಾತಿಗೆ ಕಾರಿನ ಅರ್ಧ ಬೆಲೆ ಕೈಬಿಟ್ಟಿತು. ಅಷ್ಟರಲ್ಲಿ ಸೈಲೆನ್ಸರಿನ ಒಂದು ಬೋಲ್ಟು ತುಂಡಾಯಿತು. ಎಕ್ಸ್‌ಟ್ರಾಕ್ಟರ್ ಹಾಕಿದೆ, ಅದೂ ಒಳಗೇ ಮುರಿಯಿತು. ಅದು ಗಟ್ಟಿ ಉಕ್ಕು, ಡ್ರಿಲ್ ಹತ್ತಲ್ಲ. ಕೊನೆಗೆ ವೆಲ್ಡರ್ ಕರೆಸಿ, ಮೇಲೆ ನಟ್ಟು ಅಂಟಿಸಿ ತೆಗೆಸಿದೆ. ಕೆಲಸ ಮುಗಿಸಿ, ಕಾರು ಓಡಿಸಿ, ಮಾರಿದೆ. ಬೇಜಾರಿಲ್ಲ.

944 ಮಾಲೀಕ: ಎಕ್ಸ್‌ಟ್ರಾಕ್ಟರ್ ಹಾಕೋ ಮುಂಚೆ ಬಿಸಿ ಕೊಟ್ಟಿದ್ದಿರಾ?

ಬಾಕ್ಸ್‌ಸ್ಟರ್ ಮಾರಿದವನು: ಕೊಟ್ಟಿದ್ದೆ ಸ್ವಾಮಿ. ಎಲ್ಲ ಬೋಲ್ಟೂ ನಿಮ್ಮ ಬೋಲ್ಟಿನ ಹಾಗೆ ಮಾತು ಕೇಳಲ್ಲ.

ಎಂಎಕ್ಸ್-5, ಕೆಂಪು: ಬೇರೆಯವರಿಗೆ ಕೊಟ್ಟರೆ ಏನಾಗುತ್ತದೆ ಅಂತ ನಾನು ಹೇಳುತ್ತೇನೆ. ಬರೀ ಪ್ಲಗ್, ಆಯಿಲ್ ಬದಲಾಯಿಸೋಕೆ ಒಂದು ಕಡೆ ಬಿಟ್ಟೆ. ಲಿಫ್ಟಿನ ತೋಳನ್ನು ಜ್ಯಾಕ್ ಪಾಯಿಂಟಿಗೆ ಕೊಡೋ ಬದಲು ಕಾರಿನ ಅಡಿಯ ಉದ್ದ ತಗಡಿನ ರೈಲಿಗೆ ಕೊಟ್ಟಿದ್ದಾರೆ. ಎರಡೂ ಕಡೆ ಚಪ್ಪಟೆ. ಮೂರನೇ ಸಿಲಿಂಡರಿನ ಪ್ಲಗ್ ಅಡ್ಡ ಹತ್ತಿಸಿ ಹೆಡ್ಡಿನ ದಾರ (ಥ್ರೆಡ್) ಕಿತ್ತಿದ್ದಾರೆ. ಕೇಳಿದರೆ 'ಮುಂಚೆಯೇ ಹಾಗಿತ್ತು'. ದಾರಕ್ಕೆ ಇನ್ಸರ್ಟ್ ಹಾಕಿಸಿದ ಖರ್ಚು ಆ ಸರ್ವಿಸ್ ಬಿಲ್ಲಿನ ಮೂರು ಪಟ್ಟು. ಅವತ್ತಿಂದ ನನ್ನ ಕಾರಿಗೆ ಬೇರೆ ಕೈ ಸೋಕಿಸಿಲ್ಲ. ತಣ್ಣಗಿನ ಎಂಜಿನ್, ಪ್ಲಗ್ ತುದಿಗೆ ಒಂದು ತುಂಡು ರಬ್ಬರ್ ಪೈಪ್ ಸಿಕ್ಕಿಸಿ ಬೆರಳಲ್ಲೇ ತಿರುಗಿಸೋದು. ದಾರ ತಪ್ಪಿದರೆ ಪೈಪೇ ಜಾರುತ್ತದೆ.

ಕೇಳಿದವರಿಗೆ ಎರಡು ಮಾತು: ಕ್ಲಚ್ಚಿನ ಸ್ಲೇವ್ ಸಿಲಿಂಡರಿನ (ಪೆಡಲ್ ಒತ್ತಿದಾಗ ಫ್ಲೂಯಿಡ್ ಒತ್ತಡದಲ್ಲಿ ಕ್ಲಚ್ ಬಿಡಿಸೋದು) ರಬ್ಬರ್ ಟೊಪ್ಪಿ ಎಳೆದು ನೋಡಿ. ಒಳಗೆ ಒದ್ದೆ ಇದ್ದರೆ ಅದೇ ಕಳ್ಳ, ಎರಡು ಬೋಲ್ಟಿನ ಕೆಲಸ. ಹೆಡ್ ಹಿಂದಿನ ಆಯಿಲ್ ಬಹುಶಃ ಕ್ಯಾಮ್ ಆಂಗಲ್ ಸೆನ್ಸರಿನ ಓ-ರಿಂಗ್. ನಿಮ್ಮ ಎಂಜಿನ್ನಿನಲ್ಲಿ ಬೆಲ್ಟ್ ಹರಿದರೂ ವಾಲ್ವ್ ಉಳಿಯುತ್ತದೆ, ಗಾಬರಿ ಬೇಡ.

ವರ್ಕ್‌ಶಾಪಿನವನು: ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ನನ್ನ ಹತ್ತಿರ ಬರೋ ಅರ್ಧ ಹಳೇ ಕಾರುಗಳು 'ನಾನೇ ಮಾಡಿದೆ' ಕಾರುಗಳೇ. ಬೋಲ್ಟುಗಳು ಒಂದು ಕವರಿನಲ್ಲಿ, ಯಾವುದು ಎಲ್ಲಿಯದು ಅಂತ ಬರೆದಿರಲ್ಲ. ಬ್ರೇಕಿಗೆ ಡಾಟ್ 4 ಫ್ಲೂಯಿಡ್ ಇದ್ದ ಕಡೆ ಅದರ ಜೊತೆ ಬೆರೆಯದ ಸಿಲಿಕೋನ್ ಡಾಟ್ 5 ಸುರಿದವರನ್ನೂ ನೋಡಿದ್ದೇನೆ. ಅದನ್ನು ತೊಳೆಯೋ ಕೆಲಸದ ಬಿಲ್ ಕೊಟ್ಟರೆ ನಾವು ಕಳ್ಳರು. ಇನ್ನು ಪ್ಲಗ್ಗಿಗೆ ಕಾಪರ್ ಗ್ರೀಸ್ ಹಚ್ಚಿದ್ದರೆ ಹೆಡ್ಡಿನ ದಾರ ಹೋಗುತ್ತಲೇ ಇರಲಿಲ್ಲ.

ಎಂಎಕ್ಸ್-5, ಕೆಂಪು: ಅಡ್ಡ ಹತ್ತಿಸಿದ್ದಕ್ಕೂ ಗ್ರೀಸಿಗೂ ಏನು ಸಂಬಂಧ? ಪ್ಲಗ್ ಮಾಡೋ ಎನ್‌ಜಿಕೆಯವರೇ ಹಚ್ಚಬೇಡಿ ಅನ್ನುತ್ತಾರೆ. ದಾರಕ್ಕೆ ಲೇಪ ಇರುತ್ತದೆ. ಮೇಲೆ ಗ್ರೀಸ್ ಬಿದ್ದರೆ ಜಾರಿಕೆಯಾಗಿ ಶೇಕಡಾ 20ರವರೆಗೆ ಜಾಸ್ತಿ ಬಿಗಿಯಾಗಬಹುದು ಅಂತ ಅವರದ್ದೇ ಮಾತು. ಇದು ಗೊತ್ತಿಲ್ಲದೆ ದುಡ್ಡು ತಗೋತೀರಾ?

ವರ್ಕ್‌ಶಾಪಿನವನು: ಹಳೇ ಅಲ್ಯೂಮಿನಿಯಂ ಹೆಡ್ಡಿನಲ್ಲಿ ಅಂಟಿಕೊಂಡ ಪ್ಲಗ್ ದಾರದ ಸಮೇತ ಹೊರಗೆ ಬಂದಿದ್ದನ್ನು ನೀವು ನೋಡಿಲ್ಲ. ಕೈಗೆ ಬಿಗಿ ಗೊತ್ತಾಗುತ್ತದೆ.

944 ಮಾಲೀಕ: ಕೈಗೆ ಗೊತ್ತಾಗುತ್ತದೆ ಅನ್ನೋರೆಲ್ಲ ನನ್ನ ಕಾರಿನ ಹಿಂದಿನ ಮಾಲೀಕನ ನೆಂಟರಿರಬೇಕು. ಎರಡು ವೀಲ್ ನಟ್ಟು ಬಿಚ್ಚೋಕೆ ಉದ್ದ ಪೈಪ್ ಹಾಕಿ ಮೇಲೆ ನಿಲ್ಲಬೇಕಾಯಿತು.

ಬಾಕ್ಸ್‌ಸ್ಟರ್ ಮಾರಿದವನು: ಈಗ ಗೊತ್ತಾಯಿತಾ ನಾನು ಯಾಕೆ ಮಾರಿದೆ ಅಂತ?

ಕೇಳಿದವರು: ಟೊಪ್ಪಿ ಎಳೆದೆ, ಫ್ಲೂಯಿಡ್ ಸುರಿಯಿತು. ಸ್ಲೇವ್ ತರಿಸುತ್ತಿದ್ದೇನೆ. ಕ್ರ್ಯಾಂಕ್ ಪುಲ್ಲಿಯ ಮುಂದೆ 4 ಸೀಳು ಕಾಣುತ್ತಿದೆ, ಅದೇನು?

ಎಂಎಕ್ಸ್-5, ಕೆಂಪು: ಅಯ್ಯೋ. 4 ಇದ್ದರೆ ಚಿಕ್ಕ ಮೂಗಿನ (ಪುಲ್ಲಿ ಕೂರೋ ಮುಂದಿನ ತುದಿ) ಕ್ರ್ಯಾಂಕ್, 8 ಇದ್ದರೆ ದೊಡ್ಡದು. ಚಿಕ್ಕದರಲ್ಲಿ ಪುಲ್ಲಿ ಬೋಲ್ಟ್ ಸಡಿಲಾದರೆ ಪುಲ್ಲಿ ತಿರುಗದ ಹಾಗೆ ಹಿಡಿಯೋ ಕೀ ಕೂರೋ ಜಾಗವನ್ನು ತಿಂದುಹಾಕುತ್ತದೆ. ಬೆಲ್ಟ್ ಹಾಕುವಾಗ ಹೊಸ ಬೋಲ್ಟು, ಪುಸ್ತಕದಲ್ಲಿರೋ ಟಾರ್ಕು. ಕೈಲೆಕ್ಕ ಬೇಡವೇ ಬೇಡ.

ವರ್ಕ್‌ಶಾಪಿನವನು: ಇದಕ್ಕೆ ನಾನೂ ಟಾರ್ಕ್ ರೆಂಚೇ ಹಿಡಿಯೋದು. ಪ್ಲಗ್ಗಿಗೆ ಮಾತ್ರ ಗ್ರೀಸ್ ಹಚ್ಚುತ್ತೇನೆ, ಬೈಯೋರು ಬೈಯಿರಿ.