ಸಹಾಯ ಬೇಕು: ಬಿಸಿಲಿಗೆ ಕೋಳಿ ಸಾಯುತ್ತಿವೆ, ಈಗಲೇ ಕೊಯ್ಯಬೇಕಾ?

ಎಲ್ಲರಿಗೂ ನಮಸ್ಕಾರ್ರಿ. ನಮ್ಮದು ಗಂಗಾವತಿ ಹತ್ತಿರದ ಹಳ್ಳಿ. ಮನೆ ಊಟಕ್ಕೆಂದೇ ಮೊದಲ ಸಲ 25 ಬ್ರಾಯ್ಲರ್ ಮರಿ ತಂದು ಹಿತ್ತಲಲ್ಲಿ ಸಾಕಿದ್ದೇವೆ. ಇವತ್ತಿಗೆ 36 ದಿನ. ಒಂದೊಂದೂ ಒಂದೂಮುಕ್ಕಾಲು ಕೆಜಿ ತೂಗುತ್ತಿದೆ.

ತೊಂದರೆ ಬಿಸಿಲಿನದು. ನಮ್ಮ ಕಡೆ ಬೇಸಿಗೆ ಗೊತ್ತಲ್ವಾ, 40 ಡಿಗ್ರಿ ದಾಟುತ್ತದೆ. ಕೋಳಿ ಬೆವರುವುದಿಲ್ಲ, ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ನಿನ್ನೆ ಮಧ್ಯಾಹ್ನ ಎರಡು ಕೋಳಿ ರೆಕ್ಕೆ ಅಗಲಿಸಿ, ಕೊಕ್ಕು ತೆರೆದು ನೆಲಕ್ಕೆ ಒರಗಿದವು. ನೀರು ಹಿಡಿದರೂ ಕುಡಿಯಲಿಲ್ಲ. ನನ್ನ ಕೈಯಲ್ಲೇ ಹೋದವು. ಕರುಳು ಚುರ್ ಅಂತು. ಸತ್ತದ್ದನ್ನು ತಿನ್ನಲಿಲ್ಲ, ಸುಣ್ಣ ಹಾಕಿ ಹೂತೆವು. ಈಗ ಶೆಡ್ಡಿನ ಸುತ್ತ ಒದ್ದೆ ಗೋಣಿಚೀಲ ಕಟ್ಟಿದ್ದೇನೆ. ಮೇವು ಬೆಳಗ್ಗೆ, ಸಂಜೆ ಮಾತ್ರ. ಇನ್ನೊಂದು ವಾರ ಕಾಯಬಹುದಾ, ಈಗಲೇ ಕೊಯ್ಯುವುದು ಒಳ್ಳೆಯದಾ? ಕಾದರೆ ಇನ್ನೂ ಜಾಸ್ತಿ ಕಳೆದುಕೊಳ್ಳುತ್ತೇನೆ ಅಂತ ನನಗನ್ನಿಸುತ್ತದೆ.

ಕೊಯ್ಯುವುದರಲ್ಲೂ ಒಂದು ಸಮಸ್ಯೆ. ಹೋದ ಭಾನುವಾರ ಒಂದು ಕೊಯ್ದೆ. ರಾತ್ರಿಯಿಂದ ಮೇವು ಕೊಡದೆ ಬರೀ ನೀರು ಇಟ್ಟಿದ್ದೆ, ಕರುಳು ಖಾಲಿ ಇತ್ತು. ಆದರೆ ಕುದಿಯುವ ನೀರಲ್ಲಿ ಅದ್ದಿದ್ದಕ್ಕೆ ಪುಕ್ಕದ ಜೊತೆ ಎದೆಯ ಚರ್ಮವೂ ಕಿತ್ತು ಬಂತು. ನೀರು 60 ಡಿಗ್ರಿ ಆಸುಪಾಸು ಇದ್ದರೆ ಸಾಕಂತೆ. ಥರ್ಮಾಮೀಟರ್ ಇಲ್ಲದೆ ಹೇಗೆ ಅಳೆಯುತ್ತೀರಿ? ಕುದಿದ ನೀರಿಗೆ ಎಷ್ಟು ತಣ್ಣೀರು ಬೆರೆಸಬೇಕು? ಲಿವರ್ ಬಿಡಿಸುವಾಗ ಪಿತ್ತದ ಚೀಲವೂ ಒಡೆದು ಹಸಿರು ನೀರು ಹರಿಯಿತು, ಆ ತುಂಡು ಕಹಿ.

ಕೈಯಾರೆ ಮಾಡಿದ ಅಣ್ಣಂದಿರು, ಅಕ್ಕಂದಿರು ದಯವಿಟ್ಟು ಹೇಳಿ. ಉಳಿದ 22 ಕೋಳಿಯನ್ನು ಹಿಂಸೆಯಾಗದ ಹಾಗೆ, ಹಾಳಾಗದ ಹಾಗೆ ಕೊಯ್ಯಬೇಕು.