ಜಿಪ್ಸಮ್ ಗೋಡೆ 5 ಅಡಿ ಮುಂದುವರಿಸಿದೆ, ಜಾಯಿಂಟ್‌ನಲ್ಲಿ ಮತ್ತೆ ಮತ್ತೆ ಬಿರುಕು

ಕಾಳಿ_ದಂಡೆ (ಕಾರವಾರ):
ಕೋಡಿಬಾಗದ ನಮ್ಮ ಮನೆಯ ನಡುಕೋಣೆಯಲ್ಲಿ 7 ಅಡಿಯ ಜಿಪ್ಸಮ್ ಪಾರ್ಟಿಶನ್ ಇತ್ತು. ಮಗಳಿಗೆ ಓದೋ ಕೋಣೆ ಬೇಕಂತ ಅದನ್ನೇ ಇನ್ನೂ 5 ಅಡಿ ಹಿಂದಕ್ಕೆ ಮುಂದುವರಿಸಿದೆ. ಎಲ್ಲ ಸರಿಯಾಗೇ ಮಾಡಿದ್ದೇನೆ. ಆದರೂ ಹಳೇ ಬೋರ್ಡು ಹೊಸ ಬೋರ್ಡು ಕೂಡೋ ಜಾಗದಲ್ಲಿ ಮೇಲಿಂದ ಕೆಳಗೆ ಬಿರುಕು. ಕೆರೆದು ಮತ್ತೆ ಪುಟ್ಟಿ ಹಾಕಿದೆ, ಮತ್ತೆ ಬಂತು. ಮೂರನೇ ಸಲ ಪೇಂಟ್ ಹೊಡೆಯೋ ತಾಳ್ಮೆ ಇಲ್ಲ. ಯಾವ ಪುಟ್ಟಿ ಒಳ್ಳೇದು, ಅದೊಂದು ಹೇಳಿ ಸಾಕು.

ಅಡಿಕೆ_ಅಂಗಳ (ಶಿರಸಿ):
ಪುಟ್ಟಿ ಅಲ್ಲ ಮಾರಾಯ್ರೆ, ಥಂಡಿ. ವರ್ಷಕ್ಕೆ 3000 ಮಿ.ಮೀ. ದಾಟಿ ಮಳೆ ಹೊಡೆಯೋ ಊರಲ್ಲಿ ಬಿಳಿ ಬೋರ್ಡ್ ಹಾಕಿದ್ರೆ ಇದೇ ಗತಿ. ಥಂಡಿ ತಡೆಯೋ ಹಸಿರು ಬೋರ್ಡ್ ಹಾಕಬೇಕಿತ್ತು.

ಕಾಳಿ_ದಂಡೆ:
ಹಸಿರೇ ಹಾಕಿದ್ದು.

ಅಡಿಕೆ_ಅಂಗಳ:
ಹಾಗಾದ್ರೆ ಹಳೇದು ಬಿಳಿ ಇರಬೇಕು. ಅದು ನೀರು ಕುಡಿದು ಹಿಗ್ಗಿದೆ.

ನೂಲು_ಮಟ್ಟ (ಹೊನ್ನಾವರ):
ಜಾಯಿಂಟ್ ಮೇಲೆ ಅಂಟಿಸಿದ ಟೇಪ್ ಯಾವುದು? ಜಾಳಿಗೆ ಟೇಪ್ ಮೇಲೆ ಡಬ್ಬಿಯ ರೆಡಿ ಪುಟ್ಟಿ ಎಳೆದಿದ್ರೆ ನಿಲ್ಲೋದಿಲ್ಲ. ಕತ್ತರಿಸಿದ ಅಂಚಿಗೆ ಪೇಪರ್ ಟೇಪೇ ಬೇಕು.

ಹಲಸಿನ_ತೊಲೆ (ಸಿದ್ದಾಪುರ):
ಜಾಳಿಗೆ ಟೇಪಿಗೇನು ಕಮ್ಮಿ? ನೀರಲ್ಲಿ ಕಲಸಿ ಗಟ್ಟಿಯಾಗೋ ಪುಡಿ ಹಾಕಿದ್ರೆ ಗುಂಡುಕಲ್ಲಿನ ಹಾಗೆ ನಿಲ್ಲುತ್ತೆ. ನಾನಂತೂ ಇದ್ಯಾವುದರ ಗೋಜಿಗೇ ಹೋಗಿಲ್ಲ. ನಮ್ಮಲ್ಲಿ ಅಜ್ಜ ಹಾಕಿಸಿದ ಹಲಸಿನ ಹಲಗೆ ಗೋಡೆ, ಒಂದು ಮೊಳೆಯಿಲ್ಲ, ಗೂಟದಲ್ಲೇ ನಿಂತಿದೆ. ಫೋಟೋ ಬೇಕಾದ್ರೆ ಹಾಕ್ತೇನೆ.

ನೂಲು_ಮಟ್ಟ:
ಪುಡಿ ಕಲಸಿ ಹಾಕಿದ್ರೆ ಅಂತ ನೀವೇ ಹೇಳಿದ್ರಲ್ಲ. ನಾನೂ ಅದನ್ನೇ ಹೇಳಿದ್ದು. ಫೋಟೋ ಬೇಡ.

ಕಾಳಿ_ದಂಡೆ:
ಟೇಪ್ ಪೇಪರ್‌ದೇ. ಮೂರು ಕೈ ಪುಟ್ಟಿ, ಪ್ರತಿ ಕೈ ಒಣಗಿದ ಮೇಲೇ ಮುಂದಿನದು. ಟೇಪ್ ಹರಿದಿಲ್ಲ, ಓರೆಯಾಗಿ ಸುಕ್ಕುಗಟ್ಟಿದೆ, ಒದ್ದೆ ಪಂಚೆ ಹಿಂಡಿದಾಗ ಬೀಳೋ ನೆರಿಗೆ ಹಾಗೆ.

ಅಡಿಕೆ_ಅಂಗಳ:
ಸುಕ್ಕು ಅಂದ್ರೆ ಥಂಡಿಯೇ. ನಾನು ಮೊದಲೇ ಹೇಳಿದೆ.

ಕಾಳಿ_ದಂಡೆ:
ಬಿರುಕು ಬಿದ್ದಿದ್ದು ಜನವರಿಯಲ್ಲಿ, ಎರಡನೇ ಸಲ ಮಾರ್ಚ್‌ನಲ್ಲಿ. ಜುಲೈ ಪೂರ್ತಿ ಏನೂ ಆಗಿರಲಿಲ್ಲ.

ಸೂಲಗಿತ್ತಿ_ಸ್ಕ್ರೂ (ಕುಮಟಾ):
ಓರೆ ಸುಕ್ಕು ಅಂದ್ರೆ ಒಂದು ಬದಿ ಕೆಳಗೆ ಇಳಿದಿದೆ. ಥಂಡಿ ಬಿಡಿ. ಹೊಸ ಭಾಗದ ಮೇಲಿನ ಚಾನೆಲ್, ಅಂದ್ರೆ ಗೋಡೆಯ ತಲೆ ಕೂರೋ ತಗಡಿನ ಪಟ್ಟಿ, ಯಾವುದಕ್ಕೆ ಹೊಡೆದಿದ್ದೀರಿ?

ಕಾಳಿ_ದಂಡೆ:
ಹಳೇದು ಸ್ಲ್ಯಾಬಿಗೆ. ಹಿಂದಿನ ಅರ್ಧ ಹೆಂಚಿನ ಮನೆಯಲ್ಲವಾ, ಹೊಸದು ಅಟ್ಟದ ತೊಲೆಗೆ. ಇದು ಹೇಳೋದೇನಿದೆ, ಕರಾವಳಿಯ ಹಳೇ ಮನೆಗಳೆಲ್ಲ ಹೀಗೇ ತಾನೇ.

ಸೂಲಗಿತ್ತಿ_ಸ್ಕ್ರೂ:
ಇದನ್ನ ಮೊದಲೇ ಹೇಳಿದ್ರೆ ಇಷ್ಟು ಪುಟ್ಟಿ ಪುರಾಣ ಬೇಡವಾಗಿತ್ತು. ಸ್ಲ್ಯಾಬ್ ಅಲುಗೋದಿಲ್ಲ, ತೊಲೆ ಬಾಗುತ್ತೆ. ಅಟ್ಟದಲ್ಲಿ ಏನಿಡ್ತೀರಿ? ಜಾಯಿಂಟ್ ಮೇಲೆ ಅಡ್ಡಕ್ಕೆ ಒಂದು ಪೆನ್ಸಿಲ್ ಗೆರೆ ಎಳೆದು, ಅಟ್ಟ ಖಾಲಿ ಇದ್ದಾಗ ಮತ್ತು ತುಂಬಿದಾಗ ನೋಡಿ.

ಕಾಳಿ_ದಂಡೆ:
ತೆಂಗಿನಕಾಯಿ. ಜನವರಿಯಲ್ಲಿ ಕೊಯ್ಲು, ಮಾರ್ಚ್‌ನಲ್ಲಿ ಇನ್ನೊಂದು. ಗೆರೆ ಎಳೆದು ಇನ್ನೂರು ಕಾಯಿ ಹತ್ತಿಸಿದೆ. ಹೊಸ ಬದಿ ಗೆರೆ ಅರ್ಧ ನೂಲು (ಇಂಚಿನ ಹದಿನಾರರಲ್ಲಿ ಒಂದು ಪಾಲು) ಕೆಳಗೆ ಹೋಗಿದೆ! ಬುಡದ ಬೋರ್ಡ್ ಬಿಚ್ಚಿ ನೋಡಿದ್ರೆ ಅದರ ಹಿಂದೆ ನೆಟ್ಟಗೆ ನಿಲ್ಲೋ ತಗಡಿನ ಕಂಬಗಳು, ಅಂದ್ರೆ ಸ್ಟಡ್‌ಗಳು ಕಾಲಿಂಚು ಗಿಡ್ಡ, ನೆಲದ ಚಾನೆಲ್ ಮುಟ್ಟೇ ಇಲ್ಲ. ಮೇಲಿನ ಸ್ಕ್ರೂಗೆ ಬಾವಲಿ ಹಾಗೆ ನೇತಾಡ್ತಿವೆ. ಕತ್ತರಿಸಿದ್ದು ನಾನೇ.

ಸೂಲಗಿತ್ತಿ_ಸ್ಕ್ರೂ:
ಸರಿಯಾದ ಉದ್ದದ ಸ್ಟಡ್ ಹಾಕಿ, ನೆಲದ ಚಾನೆಲ್ಲಿನಲ್ಲಿ ಪೂರ್ತಿ ಕೂರಲಿ. ಮೇಲ್ಗಡೆ ಅರ್ಧ ಇಂಚು ಸಂದು ಬಿಡಿ, ಮೇಲಿನ ಚಾನೆಲ್ಲಿಗೆ ಸ್ಟಡ್ಡಿಗೂ ಸ್ಕ್ರೂ ಬೇಡ, ಬೋರ್ಡಿಗೂ ಬೇಡ. ಬೋರ್ಡನ್ನೂ ತೊಲೆಗಿಂತ ಅರ್ಧ ಇಂಚು ಕೆಳಗೇ ನಿಲ್ಲಿಸಿ. ಆ ಸಂದಿಗೆ ಎಳೆದರೆ ಹಿಗ್ಗೋ ಅಕ್ರಿಲಿಕ್ ಸೀಲೆಂಟ್, ಅದರ ಮೇಲೆ ಮರದ ಬೀಡಿಂಗ್, ಬೀಡಿಂಗ್ ತೊಲೆಗೆ ಮಾತ್ರ ಹೊಡೆಯಿರಿ. ತೊಲೆ ಬಾಗಿದ್ರೆ ಬಾಗಲಿ, ಗೋಡೆಗೆ ತಾಗೋದಿಲ್ಲ. ಹಳೇ ಬೋರ್ಡನ್ನು ಕೊನೇ ಸ್ಟಡ್ಡಿನ ನಡುಮಧ್ಯಕ್ಕೆ ಕತ್ತರಿಸಿ, ಹೊಸದರ ಅಂಚೂ ಅದೇ ಸ್ಟಡ್ಡಿನ ಮೇಲೆ ಬರಲಿ.

ಅಡಿಕೆ_ಅಂಗಳ:
ಆದ್ರೂ ಮಳೆಗಾಲದಲ್ಲಿ ಒಮ್ಮೆ ನೋಡ್ಕೊಳ್ಳಿ.

ಹಲಸಿನ_ತೊಲೆ:
ತೊಲೆ ಯಾವ ಮರ? ಹಲಸಿನದಾ?

ಕಾಳಿ_ದಂಡೆ:
ಮತ್ತಿ. ಈಗ ಆಯಿ ಕೇಳ್ತಿದ್ದಾಳೆ, ಗೋಡೆ ರಿಪೇರಿ ಮುಗಿಯೋವರೆಗೆ ಕಾಯಿ ಎಲ್ಲಿಡೋದು ಅಂತ.

ನೂಲು_ಮಟ್ಟ:
ಸುಲಿದು ಇಡಿ, ಭಾರ ಎಷ್ಟೋ ಇಳಿಯುತ್ತೆ.

ಕಾಳಿ_ದಂಡೆ:
ಸುಲಿಯೋಕೆ ಜನ ಎಲ್ಲಿದ್ದಾರೆ?