ಬೆಂಗಳೂರಿನ ಕವಿತೆ ಅಂತ ಕೋಲಾರದಲ್ಲಿ ಏನೇನು ಓದೋಣ?

ಪ್ರಶ್ನೆ: ಕೋಲಾರದ ಓದುಗಿ

ಎಲ್ಲರಿಗೂ ನಮಸ್ಕಾರ. ಡೂಂಲೈಟ್ ಸರ್ಕಲ್ ಹತ್ತಿರ ನಾವೊಂದಷ್ಟು ಜನ ತಿಂಗಳಿಗೊಮ್ಮೆ ಸೇರಿ ಕವಿತೆ ಓದುತ್ತೇವೆ. ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವವರಿದ್ದಾರೆ, ಮೇಷ್ಟ್ರುಗಳಿದ್ದಾರೆ, ನರಸಾಪುರದ ಫ್ಯಾಕ್ಟರಿಗೆ ಹೋಗುವ ಹುಡುಗಿಯರಿದ್ದಾರೆ. ಮುಂದಿನ ಸಲ ಬೆಂಗಳೂರಿನ ಕವಿತೆಗಳನ್ನು ಓದೋಣ ಅಂತ ನಾನೇ ಹೇಳಿದೆ. ಪಟ್ಟಿ ಮಾಡಿ ನೋಡಿದರೆ ಬರೀ ಕನ್ನಡದ್ದೇ ಇದೆ. ಅದು ನನಗೆ ಸಾಕು ಅನ್ನಿಸುತ್ತಿಲ್ಲ.

2011ರ ಜನಗಣತಿ ಪ್ರಕಾರ ಬೆಂಗಳೂರಿನಲ್ಲಿ ಕನ್ನಡ ಮನೆಮಾತಿನವರು ಅರ್ಧಕ್ಕಿಂತ ಕಡಿಮೆ. ಉಳಿದವರಲ್ಲಿ ತಮಿಳು, ತೆಲುಗು, ಉರ್ದು ಜಾಸ್ತಿ. ಅವರೂ ಅದೇ ಊರಲ್ಲಿ ಮನೆ ಬಾಡಿಗೆ ಕಟ್ಟಿದ್ದಾರೆ, ಮಕ್ಕಳ ಮದುವೆ ಮಾಡಿದ್ದಾರೆ, ಹೆಣಕ್ಕೆ ಹೆಗಲು ಕೊಟ್ಟಿದ್ದಾರೆ. ಅವರು ಕವಿತೆ ಕಟ್ಟದೆ ಇರುತ್ತಾರಾ?

ಇದನ್ನೆಲ್ಲ ಕೇಳುವುದಕ್ಕೆ ನಮ್ಮ ಜಿಲ್ಲೆಯವರಷ್ಟು ತಯಾರಾದವರು ಬೇರೆ ಇಲ್ಲ ಅಂತ ನಾನು ನಂಬಿದ್ದೇನೆ. ಮನೆಯಲ್ಲಿ ತೆಲುಗು, ಸ್ಕೂಲಲ್ಲಿ ಕನ್ನಡ, ಅಂಗಡಿ ಸಾಲಲ್ಲಿ ಉರ್ದು, ಕೆಜಿಎಫ್ ಕಡೆ ಹೋದರೆ ತಮಿಳು. ಬಂಗಾರಪೇಟೆಯಿಂದ ಬೆಳಗಿನ ರೈಲಲ್ಲಿ ಒಬ್ಬ ಅಮ್ಮ ಮಡಿಲಲ್ಲಿ ಕನಕಾಂಬರ ಹಾಕಿಕೊಂಡು ಕಟ್ಟುತ್ತಾ ಬರುತ್ತಾರೆ. ಮಗಳ ಜೊತೆ ಫೋನಲ್ಲಿ ತೆಲುಗು, ಪಕ್ಕದವರ ಜೊತೆ ತಮಿಳು, ಜಾಗ ಬಿಡದ ಹುಡುಗರ ಜೊತೆ ಕನ್ನಡ. ಬೆರಳು ಮಾತ್ರ ಒಂದು ಗಂಟೂ ತಪ್ಪುವುದಿಲ್ಲ.

ನನ್ನ ಪಟ್ಟಿಯಲ್ಲಿ ಮೊದಲು ಸಿದ್ದಲಿಂಗಯ್ಯ. ಶ್ರೀರಾಮಪುರದಲ್ಲಿ ಬೆಳೆದವರು. 1975ರಲ್ಲಿ ‘ಹೊಲೆಮಾದಿಗರ ಹಾಡು’ ಬಂತು. ದಲಿತ ಸಂಘರ್ಷ ಸಮಿತಿಯ ಮೆರವಣಿಗೆಗಳಲ್ಲಿ ಅವರ ಹಾಡು ಕೇಳುತ್ತಲೇ ಬೆಳೆದವರು ನಮ್ಮ ಗುಂಪಲ್ಲೇ ಇದ್ದಾರೆ. ಹಿಂದೊಮ್ಮೆ ಅದರಲ್ಲಿ ಒಂದನ್ನು ಓದಲು ಶುರು ಮಾಡಿದ್ದೆ. ಹಿಂದಿನ ಬೆಂಚಲ್ಲಿದ್ದ ಮಂಡಿಯ ಅಣ್ಣ ಹಲಗೆಯ ಮೇಲೆ ಎರಡೂ ಕೈಯಿಂದ ತಮಟೆ ಪೆಟ್ಟು ಹಾಕಿದರು. ಓದು ಹೋಗಿ ಹಾಡಾಯಿತು. ಬೇರೆ ಭಾಷೆಯ ಕವಿತೆಗಳಿಗೂ ಹಾಗೇ ಆಗಬೇಕು ಅನ್ನೋದು ನನ್ನ ಆಸೆ. ಯಾರ್ಯಾರನ್ನು ಓದಬಹುದು, ಹೇಗೆ ಓದಬೇಕು, ಗೊತ್ತಿದ್ದವರು ದಯವಿಟ್ಟು ಹೇಳಿ.

ಉತ್ತರ: ಚಾಂಪಿಯನ್ ರೀಫ್

ಅಕ್ಕಾ, ತಮಿಳಿಗೆ ಹಲಸೂರು ಕೆರೆಯಿಂದಲೇ ಶುರು ಮಾಡಿ. ಅಲ್ಲಿನ ತಿರುವಳ್ಳುವರ್ ಪ್ರತಿಮೆಗೆ 1991ರಿಂದ ಬಟ್ಟೆ ಸುತ್ತಿಟ್ಟಿದ್ದರು. 18 ವರ್ಷ ಹಾಗೇ ಇತ್ತು. ಕೊನೆಗೆ 2009ರ ಆಗಸ್ಟ್ 9ಕ್ಕೆ ಅನಾವರಣ ಆಯಿತು. ನಾಲ್ಕು ದಿನ ಬಿಟ್ಟು ಚೆನ್ನೈನ ಅಯನಾವರಂನಲ್ಲಿ ನಮ್ಮ ಸರ್ವಜ್ಞನ ಪ್ರತಿಮೆ ತೆರೆದರು. ವಳ್ಳುವರ್ ಬರೆದ ಒಂದು ಕುರಳ್ ಓದಿ, ಅದರ ಬೆನ್ನಿಗೇ ಸರ್ವಜ್ಞನ ಒಂದು ತ್ರಿಪದಿ ಓದಿ. ಎರಡು ಸಾಲು, ಆಮೇಲೆ ಮೂರು ಸಾಲು. ಯಾರೂ ವಿವರಿಸಬೇಕಾಗಿಲ್ಲ, ಕಿವಿಗೇ ಗೊತ್ತಾಗುತ್ತೆ.

2001ರಲ್ಲಿ ಕೆಜಿಎಫ್ ಚಿನ್ನದ ಗಣಿ ಮುಚ್ಚಿದ ಮೇಲೆ ಇಲ್ಲಿನ ಕಾರ್ಮಿಕರ ಲೈನ್ ಮನೆಗಳಿಂದ ಎಷ್ಟೋ ಜನ ಬೆಂಗಳೂರಿಗೆ ದಿನಾ ಓಡಾಡುವವರಾದರು. ಅವರಲ್ಲಿ ಬರೆಯುವವರೂ ಇದ್ದಾರೆ, ನೋಟ್‌ಬುಕ್ಕಲ್ಲೇ ಇಟ್ಟುಕೊಂಡಿದ್ದಾರೆ. ನೀವು ಕರೆದರೆ ತಮಿಳು ಓದೋಕೆ ನಾನು ಬರುತ್ತೇನೆ.

ಉತ್ತರ: ಶಿವಾಜಿನಗರಕ್ಕೆ ದಿನಾ ಹೋಗುವವನು

ಮೇಡಂ, ಉರ್ದುವಿಗೆ ಮಹಮೂದ್ ಅಯಾಜ್ ಹೆಸರು ಬರೆದುಕೊಳ್ಳಿ. ಸ್ವತಃ ಕವಿ. ಬೆಂಗಳೂರಲ್ಲಿ ಕೂತು ‘ಸೌಗಾತ್’ ಅನ್ನೋ ಸಾಹಿತ್ಯ ಪತ್ರಿಕೆ ನಡೆಸಿದರು. ದೂರದ ಊರುಗಳ ಉರ್ದು ಓದುಗರೂ ಅದಕ್ಕೆ ಕಾಯುತ್ತಿದ್ದರು. ಇನ್ನು ನಿಸಾರ್ ಅಹಮದ್ ಅವರು ನಮ್ಮ ಪಕ್ಕದ ದೇವನಹಳ್ಳಿಯಲ್ಲಿ ಹುಟ್ಟಿದವರು. ಉರ್ದು ಮನೆಮಾತು, ಓದಿದ್ದು ಭೂವಿಜ್ಞಾನ, ಬರೆದದ್ದು ಕನ್ನಡ. ಅವರನ್ನೂ ಈ ಪಟ್ಟಿಗೇ ಸೇರಿಸಿ.

ಘಜಲ್ ಓದುವಾಗ ದಯವಿಟ್ಟು ಪಾಠ ಓದಿದ ಹಾಗೆ ಓದಬೇಡಿ. ಮುಷಾಯಿರಾದಲ್ಲಿ, ಅಂದರೆ ಉರ್ದು ಕವಿಗೋಷ್ಠಿಯಲ್ಲಿ, ಮೊದಲ ಸಾಲನ್ನು ಎರಡು ಸಲ ಹೇಳುತ್ತಾರೆ. ಕೇಳುವವರೂ ಜೊತೆಗೆ ಹೇಳುತ್ತಾರೆ. ಎರಡನೇ ಸಾಲು ಹೇಗೆ ಮುಗಿಯುತ್ತೆ ಅಂತ ಎಲ್ಲರೂ ಕಾಯಬೇಕು. ಆ ಸಾಲಿನ ಕೊನೆಗೆ ಪ್ರತಿ ಸಲವೂ ಅದೇ ಪದ ಬರುತ್ತೆ, ಅದಕ್ಕೆ ರದೀಫ್ ಅನ್ನುತ್ತೇವೆ. ಮೂರನೇ ಶೇರ್ (ಎರಡು ಸಾಲಿನ ಜೋಡಿ) ಹೊತ್ತಿಗೆ ಉರ್ದು ಬಾರದವರೂ ಆ ಪದ ಕೂಗುತ್ತಾರೆ. ನಿಮ್ಮ ಮಂಡಿಯ ಅಣ್ಣನನ್ನು ಮುಂದೆ ಕೂರಿಸಿ.

ಉತ್ತರ: ಚಿಂತಾಮಣಿ ಕಡೆಯವರು

ತೆಲುಗು ಬಿಟ್ಟೇ ಬಿಟ್ಟಿರಲ್ಲಮ್ಮ! ಬೆಂಗಳೂರು ಕಟ್ಟಿದ ಕೆಂಪೇಗೌಡರ ಹೆಸರಲ್ಲೇ ‘ಗಂಗಾಗೌರೀ ವಿಲಾಸ’ ಅನ್ನೋ ತೆಲುಗು ಯಕ್ಷಗಾನ ಇದೆ. ನಮ್ಮ ಕೈವಾರದ ತಾತಯ್ಯ ಬಳೆ ಮಾರಿಕೊಂಡಿದ್ದವರು, ತೆಲುಗಲ್ಲೂ ಕನ್ನಡದಲ್ಲೂ ಹಾಡು ಕಟ್ಟಿದರು. ಅವರು ಬೆಂಗಳೂರಿನವರಲ್ಲ, ನಿಜ. ಆದರೆ ನಮ್ಮ ಕಡೆಯಿಂದ ಅಲ್ಲಿಗೆ ಕೆಲಸಕ್ಕೆ ಹೋದವರ ಭಜನೆಯಲ್ಲಿ ತಾತಯ್ಯನ ಪದ ಇದ್ದೇ ಇರುತ್ತೆ. ಮುದ್ರಣ ಆದದ್ದು ಮಾತ್ರ ಕವಿತೆಯಾ? ಒಂದು ಪದಕ್ಕಾದರೂ ಜಾಗ ಕೊಡಿ.

ಪ್ರಶ್ನೆ ಕೇಳಿದವರ ಮಾತು: ಕೋಲಾರದ ಓದುಗಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಓದಿ ಖುಷಿಯಾಯಿತು.

ಚಾಂಪಿಯನ್ ರೀಫ್ ಅಣ್ಣಾ, ಪ್ರತಿಮೆಯ ಕಥೆಯಿಂದಲೇ ಶುರು ಮಾಡುತ್ತೇವೆ. ಆದರೆ ಕುರಳ್ ಒಂದೇ ಸಾಕು. ನನಗೆ ಬೇಕಾದದ್ದು ಆ ನೋಟ್‌ಬುಕ್. ಅದರ ಯಜಮಾನರನ್ನೇ ಕರೆದುಕೊಂಡು ಬನ್ನಿ. ಹೆಸರು ಹೇಳೋಕೆ ಇಷ್ಟ ಇಲ್ಲದಿದ್ದರೆ ನಾವು ಕೇಳುವುದಿಲ್ಲ.

ತಾತಯ್ಯನ ಪದ ಖಂಡಿತ ಇರುತ್ತೆ. ನೀವು ಹೇಳಿದ ಮೇಲೆ ಯೋಚಿಸಿದೆ. ಮಾಸ್ತಿ ಅವರು ಮಾಲೂರು ತಾಲ್ಲೂಕಿನವರು, ಮನೆಮಾತು ತಮಿಳು. ಡಿವಿಜಿ ಮುಳಬಾಗಿಲಿನವರು. ಇಬ್ಬರೂ ಬೆಂಗಳೂರಲ್ಲಿ ನೆಲೆಸಿದವರು. ‘ಮಂಕುತಿಮ್ಮನ ಕಗ್ಗ’ ಬೆಂಗಳೂರಿನ ಕವಿತೆಯೋ ಮುಳಬಾಗಿಲಿನದೋ ಅಂತ ಗೆರೆ ಎಳೆಯಲು ಆಗುವುದಿಲ್ಲ, ಅಲ್ವಾ? ಅದಕ್ಕೇ ಹುಟ್ಟಿದ ಊರು ನೋಡುವುದನ್ನು ಬಿಡುತ್ತಿದ್ದೇನೆ. ಬೆಂಗಳೂರಿನ ಯಾವುದಾದರೂ ಬೀದಿಯಲ್ಲಿ ಜನ ಅದನ್ನು ಹೇಳಿಕೊಳ್ಳುತ್ತಿದ್ದರೆ ಸಾಕು, ಓದುತ್ತೇವೆ.

ಎಲ್ಲವನ್ನೂ ಮೊದಲು ಅದರದೇ ಭಾಷೆಯಲ್ಲಿ, ಆ ಭಾಷೆ ಮನೆಯಲ್ಲಾಡುವವರೇ ಓದಲಿ. ಕನ್ನಡದಲ್ಲಿ ಸಾರಾಂಶ ಆಮೇಲೆ ಹೇಳೋಣ, ಅದೂ ಯಾರಾದರೂ ಕೇಳಿದರೆ. ಉರ್ದು ಓದುವವರು ಮಾತ್ರ ಇನ್ನೂ ಸಿಕ್ಕಿಲ್ಲ. ಶಿವಾಜಿನಗರದ ಅಣ್ಣಾ, ಭಾನುವಾರ ರಜಾ ಇರುತ್ತಾ ನಿಮಗೆ?